ಆಮಂತ್ರಣ ಪತ್ರಿಕೆಯಲ್ಲಿಲ್ಲದ ಹೆಸರು

ಆ ಆದಿತ್ಯವಾರ ಸುಬಹಿ ನಮಾಝ್ ಮುಗಿಸಿ ನಾವು ದರ್ಬೆಯ ಸಭಾಭವನಕ್ಕೆ ಬಂದಾಗ ಹಿಂಬದಿಯ ಅಂಗಳದಲ್ಲಿ ಆಗಲೇ ಒಲೆ ಉರಿಯುತ್ತಿತ್ತು. ಅಡುಗೆಯ ಕಾಕ ನೀರುಳ್ಳಿಯ ರಾಶಿಯ ಮುಂದೆ ಕುಳಿತಿದ್ದರು. ಮೈಕಿನ ಹುಡುಗ ವೇದಿಕೆಯ ಮೇಲೆ ನಿಂತು ಖಾಲಿ ಕುರ್ಚಿಗಳಿಗೆ ‘ಹಲೋ, ಹಲೋ’ ಎನ್ನುತ್ತಿದ್ದ. ಹೊರಗೆ ಸುಳ್ಯದ ಕಡೆಗೆ ಹೋಗುವ ಬಸ್ಸುಗಳ ಸದ್ದು ಶುರುವಾಗಿತ್ತು.

ತಾಲೂಕು ಮಟ್ಟದ ಸಣ್ಣದೊಂದು ಸಮುದಾಯ ಸಾಹಿತ್ಯ ಸಮ್ಮೇಳನವದು. ನೋಡಲು ಬರುವವರಿಗೆ ಸಮ್ಮೇಳನವೆಂದರೆ ಬೆಳಗ್ಗೆ ಹತ್ತು ಗಂಟೆಯಿಂದ ಸಂಜೆಯವರೆಗಿನ ಸಭೆ. ನಡೆಸುವವರಿಗೆ ಮಾತ್ರ ಅದು ಎರಡು ತಿಂಗಳ ರಸೀದಿ ಪುಸ್ತಕ, ಫೋನು, ಓಡಾಟ, ಮುನಿಸು, ಸಮಾಧಾನ. ಒಂದು ಕೈಯಲ್ಲಿ ಅಲಿಫ್-ಬೇ, ಇನ್ನೊಂದು ಕೈಯಲ್ಲಿ ಅ-ಆ ಕಲಿತು ಬಂದ ನಮಗೆ ಇಂತಹ ಸಮ್ಮೇಳನಗಳ ಮೇಲೆ ಮೊದಲಿನಿಂದಲೂ ಪ್ರೀತಿ. ಮನೆಯ ಮಾತು ಒಂದು, ಮದ್ರಸದ ಅಕ್ಷರ ಇನ್ನೊಂದು, ಬರೆಯುವ ಭಾಷೆ ಮತ್ತೊಂದು ಆಗಿರುವ ಜನರು ಒಂದು ದಿನವಾದರೂ ಒಂದೇ ಸೂರಿನಡಿ ಕುಳಿತು ಕಥೆ, ಕವಿತೆ ಕೇಳುವುದು ಸಣ್ಣ ಸಂಗತಿಯಲ್ಲ. ಹಾಗಾಗಿ ಕಥಾಗೋಷ್ಠಿಯ ಜವಾಬ್ದಾರಿಯನ್ನು ನಮಗೆ ಒಪ್ಪಿಸಿದಾಗ ಸಂತೋಷದಿಂದಲೇ ವಹಿಸಿಕೊಂಡಿದ್ದೆವು.

ಸಭಾಭವನದ ಬಾಗಿಲಲ್ಲಿ ನೋಂದಣಿಯ ಮೇಜು. ಅಲ್ಲಿ ಡಿಗ್ರಿ ಓದುತ್ತಿರುವ ಹುಡುಗಿಯೊಬ್ಬಳು ಬೆಳಗ್ಗೆ ಏಳೂವರೆಯಿಂದಲೇ ಕುಳಿತು ಪ್ರತಿನಿಧಿಗಳ ಹೆಸರನ್ನು ಸಣ್ಣ ಕಾರ್ಡುಗಳ ಮೇಲೆ ಬರೆಯುತ್ತಿದ್ದಳು. ಅಕ್ಷರ ಮುದ್ದಾಗಿತ್ತು. ಅಧ್ಯಕ್ಷರದ್ದು, ಅತಿಥಿಗಳದ್ದು, ಸ್ವಯಂಸೇವಕರದ್ದು, ಕೊನೆಗೆ ನಮ್ಮ ಅಂಗಿಗೆ ಸಿಕ್ಕಿಸಿಕೊಂಡ ಹೆಸರು ಕೂಡ ಅವಳ ಕೈಬರಹವೇ. ಅಂದಿನ ಕಥಾಗೋಷ್ಠಿಯಲ್ಲಿ ಆ ಹುಡುಗಿಯೇ ಒಂದು ಕಥೆ ಓದಬೇಕಾಗಿತ್ತು. ಆಮಂತ್ರಣ ಪತ್ರಿಕೆಯ ಮೊದಲ ಕರಡಿನಲ್ಲಿ ಅವಳ ಹೆಸರಿತ್ತು. ಅಚ್ಚಾಗಿ ಬಂದ ಪತ್ರಿಕೆಯಲ್ಲಿರಲಿಲ್ಲ. ನಡುವೆ ಆ ಹೆಸರಿನ ಮೇಲೆ ಗೆರೆ ಎಳೆದವರು ನಾವು.

ಈ ಬರಹ ಆ ಗೆರೆಯ ಬಗ್ಗೆ.

ಅವಳ ಕಥೆ ಹೀಗಿತ್ತು. ಬೀಡಿ ಕಟ್ಟುವ ತಾಯಿ, ಅರ್ಧ ಎಕರೆ ಅಡಿಕೆ ತೋಟದ ತಂದೆ. ದೊಡ್ಡ ಮಗಳ ಮದುವೆಗೆ ಗಂಡಿನ ಕಡೆಯವರು ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲ. ‘ನಿಮ್ಮ ಮಗಳಿಗೆ ನೀವು ಏನು ಕೊಟ್ಟರೂ ಅವಳಿಗೇ’ ಎಂದಷ್ಟೇ ಹೇಳುತ್ತಾರೆ. ತೋಟ ಹೋಗುತ್ತದೆ. ಮದುವೆಯ ದಿನ ಚಿಕ್ಕ ಮಗಳು ಅಡುಗೆ ಮನೆಯ ಕಿಟಕಿಯ ಬಳಿ ನಿಂತು, ಒಂದು ಅಡಿಕೆ ಮರಕ್ಕೆ ಎಷ್ಟು ತಟ್ಟೆ ಊಟವಾಯಿತು ಎಂದು ಲೆಕ್ಕ ಹಾಕುತ್ತಾಳೆ. ಅಷ್ಟೇ ಕಥೆ. ಬೈಗುಳ ಇಲ್ಲ, ಉಪದೇಶವೂ ಇಲ್ಲ. ಬಂದ ಹದಿನಾಲ್ಕು ಕಥೆಗಳಲ್ಲಿ ನಮಗೆ ತುಂಬ ಹಿಡಿಸಿದ್ದು ಅದೇ.

ಪತ್ರಿಕೆ ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಇಶಾ ಆದ ಮೇಲೆ ನಮಗೊಂದು ಫೋನ್ ಬಂತು. ಸಮಿತಿಯವರೊಬ್ಬರು. “ಮಾಷ್ಟ್ರೇ, ಆ ಹುಡುಗಿಯ ಕಥೆ ನಮ್ಮ ಹಾಜಿಯವರ ಮನೆಯದ್ದೇ ಅಂತ ಕೆಲವರು ಹೇಳ್ತಿದ್ದಾರಲ್ಲ? ಮಧ್ಯಾಹ್ನದ ಊಟ ಪೂರ್ತಿ ಅವರದ್ದು, ನಿಮಗೆ ಗೊತ್ತುಂಟಲ್ಲ.” ಕಥೆಯಲ್ಲಿ ಯಾವ ಹಾಜಿಯವರ ಹೆಸರೂ ಇರಲಿಲ್ಲ. ಆದರೆ ಆ ವರ್ಷ ಒಂದು ದೊಡ್ಡ ಮದುವೆ ಊರಿನಲ್ಲಿ ಆಗಿತ್ತು, ಒಂದು ಸಣ್ಣ ತೋಟವೂ ಕೈಬದಲಾಗಿತ್ತು. “ಈಗ ಬೇಡ ಅಂತ ಹೇಳುವುದು ಹೇಗೆ?” ಎಂದೆವು. “ಸಮಯದ ಅಭಾವ ಅಂತ ಹೇಳಿ” ಎಂದರು. ಹಾಗೆಯೇ ಹೇಳಿದೆವು. ಕಥೆ ಕೆಟ್ಟದ್ದಲ್ಲ, ಮುಂದಿನ ಸಲ ಖಂಡಿತ ಎಂದೂ ಸೇರಿಸಿದೆವು. ಅವಳು “ಆಯ್ತು ಸರ್” ಎಂದಳು. ನೋಂದಣಿಯ ಮೇಜಿಗೆ ಜನ ಬೇಕಿತ್ತು. ಕೇಳಿದಾಗ ಅದಕ್ಕೂ ಆಯ್ತು ಎಂದಳು.

ಉದ್ಘಾಟನೆ ಹತ್ತಕ್ಕೆ. ಉದ್ಘಾಟಿಸಬೇಕಾದ ಗಣ್ಯರು ದಾರಿಯಲ್ಲಿದ್ದರು. ಹತ್ತೂಕಾಲಾಯಿತು, ಹತ್ತೂವರೆಯಾಯಿತು. ಅವರು ಬಂದು ವೇದಿಕೆ ಹತ್ತಿದಾಗ ಹತ್ತು ಐವತ್ತು. ತುಂಬಿದ ಸಭೆ ಐವತ್ತು ನಿಮಿಷ ಸುಮ್ಮನೆ ಕುಳಿತಿತ್ತು. ಮೈಕಿನ ಹುಡುಗ ಎರಡು ಹಾಡು ಹಾಕಿದ, ನಿರೂಪಕರು ಬಂದವರನ್ನೆಲ್ಲ ಮೂರು ಸಲ ಸ್ವಾಗತಿಸಿದರು. ಆ ಕಥೆ ಓದಲು ಎಂಟು ನಿಮಿಷ ಸಾಕಾಗಿತ್ತು. ನಾವು ವೇದಿಕೆಯ ಪಕ್ಕದಲ್ಲಿ ಗಡಿಯಾರ ನೋಡುತ್ತ ನಿಂತಿದ್ದೆವು. ಆಗಲಾದರೂ ಅವಳನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಬಾಗಿಲ ಕಡೆ ಒಮ್ಮೆ ಕಣ್ಣು ಹೋಯಿತು. ಅವಳು ಕಾರ್ಡುಗಳನ್ನು ಜೋಡಿಸುತ್ತಿದ್ದಳು. ನಮ್ಮ ‘ಸಮಯದ ಅಭಾವ’ ಎಂಥದೆಂದು ಅವಳಿಗೆ ಅಷ್ಟರಲ್ಲಿ ಅರ್ಥವಾಗಿರಬೇಕು.

ಉದ್ಘಾಟನಾ ಸಭೆಯಲ್ಲಿ ಒಬ್ಬ ಭಾಷಣಕಾರರು ವರದಕ್ಷಿಣೆಯ ವಿರುದ್ಧ ಜೋರಾಗಿ ಮಾತನಾಡಿದರು. ಮಹ್ರ್ ಕೊಟ್ಟು ಮದುವೆಯಾಗಬೇಕಾದವನು ಹಣ ಪಡೆದು ಮದುವೆಯಾಗುತ್ತಿದ್ದಾನೆ, 1961ರಿಂದಲೇ ವರದಕ್ಷಿಣೆ ನಿಷೇಧ ಕಾಯ್ದೆ ಇದ್ದರೂ ಪಿಡುಗು ಹೋಗಿಲ್ಲ ಎಂದರು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಹಾಜಿಯವರೂ ತಟ್ಟಿದರು. ನಮಗೆ ಅಲ್ಲಿ ಒಂದು ವಿಷಯ ಹೊಳೆಯಿತು. ಭಾಷಣದಲ್ಲಿ ವರದಕ್ಷಿಣೆ ‘ಸಮಾಜದ ಪಿಡುಗು’. ಸಮಾಜ ಎಂದರೆ ಯಾರೂ ಅಲ್ಲ. ಹಾಗಾಗಿ ಎಲ್ಲರೂ ಚಪ್ಪಾಳೆ ತಟ್ಟಬಹುದು. ಕಥೆಯಲ್ಲಿ ಅದಕ್ಕೆ ಒಂದು ಮನೆ, ಒಂದು ಅಂಗಳ, ಒಂದು ತೋಟ ಇರುತ್ತದೆ. ಕೇಳುವವನು ತನ್ನ ಅಂಗಳವನ್ನು ನೆನೆಯಲೇಬೇಕಾಗುತ್ತದೆ. ಭಾಷಣಕ್ಕೆ ಜಾಗ ಕೊಟ್ಟು ಕಥೆಗೆ ಜಾಗ ಕೊಡದ ಸಾಹಿತ್ಯ ಸಮ್ಮೇಳನವನ್ನು ಸಾಹಿತ್ಯ ಸಮ್ಮೇಳನ ಎನ್ನುವುದು ಹೇಗೆ?

ಝುಹರ್ ನಮಾಝಿನ ನಂತರ ಊಟ. ತುಪ್ಪದನ್ನ, ಕೋಳಿ ಸಾರು. ಸಸ್ಯಾಹಾರಿ ಅತಿಥಿಗಳು ಹತ್ತು ಹದಿನೈದು ಮಂದಿ ಇದ್ದರು. ಅವರಿಗಾಗಿ ಅಡುಗೆಯ ಕಾಕ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸೌಟು ಇಟ್ಟುಕೊಂಡಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ. “ಅವರು ನಂಬಿ ಕೂತುಕೊಳ್ಳುತ್ತಾರೆ, ನಾವು ಸರಿ ಮಾಡಬೇಕಲ್ಲ ಮಾಷ್ಟ್ರೇ” ಎಂದರು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನೆನಪಾಯಿತು. ಬಾಡೂಟಕ್ಕೂ ಸಮ್ಮೇಳನದ ಊಟದಲ್ಲಿ ಜಾಗ ಬೇಕು ಎಂದು ಅಲ್ಲಿ ದೊಡ್ಡ ಚರ್ಚೆಯೇ ಎದ್ದು, ಕೊನೆಯ ದಿನ ಮೊಟ್ಟೆ ಬಡಿಸಲಾಯಿತು. ತಟ್ಟೆಯಲ್ಲಿ ಏನಿರಬೇಕು ಎಂಬ ಪ್ರಶ್ನೆಯ ಒಳಗೆ ಈ ಪಂಕ್ತಿಯಲ್ಲಿ ಯಾರು ಕೂರಬಹುದು ಎಂಬ ಪ್ರಶ್ನೆಯೂ ಇತ್ತು. ದರ್ಬೆಯ ನಮ್ಮ ಪಂಕ್ತಿಯಲ್ಲಿ ಆ ಪ್ರಶ್ನೆ ಏಳಲಿಲ್ಲ. ಅಡುಗೆಯ ಕಾಕ ಅದನ್ನು ಬೆಳಗ್ಗೆಯೇ ಬಗೆಹರಿಸಿದ್ದರು. ಆದರೆ ಅತಿಥಿಯ ತಟ್ಟೆಯ ವಿಷಯದಲ್ಲಿ ಕಾಕ ತೋರಿದ ಎಚ್ಚರವನ್ನು ನಮ್ಮ ಮನೆಯದೇ ಹುಡುಗಿಯ ಮಾತಿನ ವಿಷಯದಲ್ಲಿ ನಾವು ತೋರಲಿಲ್ಲ. ಅವಳೂ ನಂಬಿಯೇ ಕಥೆ ಕೊಟ್ಟಿದ್ದಳು.

ಪುತ್ತೂರು ಸಾಹಿತ್ಯಕ್ಕೆ ಹೊಸ ಊರಲ್ಲ. ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ, ಮಕ್ಕಳಿಗಾಗಿ ಬಾಲವನ ಕಟ್ಟಿದ ಊರು. ಬೊಳುವಾರು ಮಹಮ್ಮದ್ ಕುಂಞಿ ಅವರು ತಮ್ಮ ಹೆಸರಿನಲ್ಲೇ ಈ ಊರಿನ ಒಂದು ಭಾಗವನ್ನು ಹೊತ್ತುಕೊಂಡು ಕನ್ನಡದ ತುಂಬ ತಿರುಗಿದರು. ಅವರ ‘ಸ್ವಾತಂತ್ರ್ಯದ ಓಟ’ ಕಾದಂಬರಿಗೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇದೇ ಪುತ್ತೂರಿನಲ್ಲಿ ಇನ್ನೊಂದು ನೆನಪೂ ಇದೆ. 1985ರಲ್ಲಿ ಇಲ್ಲಿನ ಒಂದು ಸಾಹಿತ್ಯ ಸಭೆಯಲ್ಲಿ ಸಾರಾ ಅಬೂಬಕ್ಕರ್ ಅವರು ಮಾತನಾಡದಂತೆ ನಮ್ಮದೇ ಸಮುದಾಯದ ಯುವಕರು ತಡೆದರು. ‘ಚಂದ್ರಗಿರಿಯ ತೀರದಲ್ಲಿ’ ಬರೆದು ಕನ್ನಡದ ಓದುಗರಿಗೆ ಮುಸ್ಲಿಂ ಹೆಣ್ಣುಮಗಳ ಮನೆಯೊಳಗನ್ನು ತೋರಿಸಿದ ಲೇಖಕಿ ಅವರು.

ನಮ್ಮ ಪೀಳಿಗೆಯವರು ಆ ಘಟನೆಯನ್ನು ಹಿರಿಯರಿಂದ ಕೇಳಿ ಬೆಳೆದವರು. ಕೇಳುವಾಗಲೆಲ್ಲ ‘ನಾವಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ’ ಎಂದುಕೊಂಡಿದ್ದೇವೆ. ಅದು ನಿಜ, ನಾವು ಹಾಗೆ ಮಾಡಲಿಲ್ಲ. ಗದ್ದಲ ಎಬ್ಬಿಸಲಿಲ್ಲ, ಯಾರ ಮೈಕನ್ನೂ ಕಿತ್ತುಕೊಳ್ಳಲಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಒಂದು ಹೆಸರು ಅಚ್ಚಾಗದಂತೆ ನೋಡಿಕೊಂಡೆವು, ಅಷ್ಟೇ. ಆದರೆ ಯಾವುದು ಹೆಚ್ಚು ಕೆಟ್ಟದ್ದು? 1985ರಲ್ಲಿ ತಡೆದವರು ಎದುರಿಗೆ ಬಂದು ತಡೆದರು. ಅದು ಎಲ್ಲರಿಗೂ ಗೊತ್ತಾಯಿತು, ಖಂಡಿಸುವವರು ಖಂಡಿಸಿದರು, ಲೇಖಕಿಗೆ ಎದುರು ನಿಂತು ಉತ್ತರಿಸಲು ಒಬ್ಬ ಎದುರಾಳಿ ಇದ್ದ. ಕರೆಯದೇ ಇದ್ದುದಕ್ಕೆ ಸಾಕ್ಷಿ ಯಾರು? ಪತ್ರಿಕೆಯಲ್ಲಿಲ್ಲದ ಹೆಸರಿನ ಬಗ್ಗೆ ಯಾರು ಪ್ರಶ್ನೆ ಕೇಳುತ್ತಾರೆ? ಬಿಟ್ಟವರಿಗೂ ಬಿಡಿಸಿಕೊಂಡವರಿಗೂ ಮಾತ್ರ ಗೊತ್ತಿರುವ ಅನ್ಯಾಯವದು. ಬಿಡಿಸಿಕೊಂಡವರು ಇಪ್ಪತ್ತರ ಹುಡುಗಿಯಾಗಿದ್ದರೆ ಬಿಟ್ಟವರಿಗೆ ಮಾತ್ರ ಗೊತ್ತಿದ್ದಂತೆಯೇ.

ಈ ಪ್ರಶ್ನೆ ನಮ್ಮನ್ನು ಹೆಚ್ಚು ಕಾಡಲು ಇನ್ನೊಂದು ಕಾರಣವಿದೆ. ಸಮುದಾಯ ಸಮ್ಮೇಳನಗಳು ಹುಟ್ಟಿದ್ದೇ ‘ನಮಗೂ ಜಾಗ ಕೊಡಿ’ ಎಂದು ಕೇಳಲು. ಮೊದಲ ಬ್ಯಾರಿ ಸಾಹಿತ್ಯ ಸಮ್ಮೇಳನಕ್ಕೆ ಶಾಸಕರೂ ಕವಿಯೂ ಆಗಿದ್ದ ಬಿ.ಎಂ. ಇದಿನಬ್ಬ ಅವರು ಅಧ್ಯಕ್ಷರಾಗಿದ್ದರು. 2007ರ ಫೆಬ್ರವರಿಯಲ್ಲಿ ಚಿಕ್ಕಮಗಳೂರಿನಲ್ಲಿ ನಾಲ್ಕನೇ ಸಮ್ಮೇಳನ ನಡೆದಾಗ, ತುಳುವಿಗೆ ಇದೆ, ಕೊಂಕಣಿಗೆ ಇದೆ, ಬ್ಯಾರಿ ಭಾಷೆಗೂ ಅಕಾಡೆಮಿ ಬೇಕು ಎಂದು ಒತ್ತಾಯಿಸಲಾಯಿತು. ಅದೇ ವರ್ಷ ಸರಕಾರ ಅಕಾಡೆಮಿ ಸ್ಥಾಪಿಸಿತು. ಕೇಳಿದ್ದರಿಂದ ಸಿಕ್ಕಿದ ಜಾಗ ಅದು. 2023ರ ಜನವರಿಯಲ್ಲಿ ಹಾವೇರಿಯ 86ನೇ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಮುಸ್ಲಿಂ ಬರಹಗಾರರನ್ನು ಕಡೆಗಣಿಸಲಾಗಿದೆ ಎಂಬ ಆಕ್ಷೇಪ ಬಂದಾಗ ನಾವೆಲ್ಲರೂ ನೊಂದುಕೊಂಡೆವು. ನಿಸಾರ್ ಅಹಮದರು 2006ರ ಶಿವಮೊಗ್ಗ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳಿತದ್ದನ್ನು ಕಂಡ ಕಣ್ಣುಗಳಿಗೆ ಹಾವೇರಿಯ ಪಟ್ಟಿ ನೋವು ಕೊಡುವುದು ಸಹಜ. ಪ್ರತಿರೋಧವಾಗಿ ಬೆಂಗಳೂರಿನಲ್ಲಿ ಜನವರಿ 8ರಂದು ಜನ ಸಾಹಿತ್ಯ ಸಮ್ಮೇಳನವೂ ನಡೆಯಿತು. ದೊಡ್ಡ ಪಟ್ಟಿಯಲ್ಲಿ ನಮ್ಮ ಹೆಸರು ಬಿಟ್ಟಾಗ ಅದು ಅನ್ಯಾಯ. ಹಾಗಿದ್ದರೆ ನಮ್ಮ ಸಣ್ಣ ಪಟ್ಟಿಯಲ್ಲಿ ನಾವು ಬಿಟ್ಟಾಗ ಅದು ‘ಹೊಂದಾಣಿಕೆ’ ಆಗುವುದು ಹೇಗೆ?

ಇದಕ್ಕೆ ನಮ್ಮ ಸಮಿತಿಯವರ ಕಡೆಯಿಂದ ಒಂದು ಉತ್ತರವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಜಿಲ್ಲೆಯ ಸ್ಥಿತಿ ಎಲ್ಲರಿಗೂ ಗೊತ್ತು. ಸಣ್ಣ ಕಿಡಿಯನ್ನೂ ಊದಿ ದೊಡ್ಡದು ಮಾಡುವವರಿದ್ದಾರೆ. ಮನೆಯ ಕೊಳೆಯನ್ನು ಬೀದಿಯಲ್ಲಿ ತೊಳೆದರೆ ನೋಡಿ ನಗುವವರೇ ಹೆಚ್ಚು, ನಮ್ಮ ಬೆನ್ನಿಗೆ ಹೊಡೆಯಲು ನಾವೇ ಕೋಲು ಕೊಟ್ಟಂತೆ ಆಗುತ್ತದೆ ಎನ್ನುತ್ತಾರೆ. ಈ ಭಯ ಸುಳ್ಳಲ್ಲ. ಆದರೆ ಭಯ ನಿಜವಾದರೂ ಅದರಿಂದ ತೆಗೆದ ತೀರ್ಮಾನ ನಿಜವಾಗಬೇಕೆಂದಿಲ್ಲ. ಕೋಲು ಹಿಡಿಯಬೇಕೆಂದಿರುವವನು ನಮ್ಮ ಹುಡುಗಿಯ ಕಥೆಗಾಗಿ ಕಾಯುತ್ತ ಕೂರುವುದಿಲ್ಲ. ಅವನಿಗೆ ಬೇಕಾದ್ದು ಅವನಲ್ಲೇ ಇದೆ. ನಮ್ಮ ಬಗ್ಗೆ ನಾವೇ ಹೇಳದಿದ್ದಾಗ ಹೇಳುವ ಕೆಲಸ ಅವನ ಪಾಲಿಗೆ ಹೋಗುತ್ತದೆ. ಪ್ರೀತಿಯಿಂದ, ನೋವಿನಿಂದ, ಒಳಗಿನ ವಿವರ ತಿಳಿದು ಹೇಳಬಲ್ಲವಳ ಬಾಯಿ ಮುಚ್ಚಿಸಿ ನಾವು ಉಳಿಸಿಕೊಂಡದ್ದು ಯಾರ ಮರ್ಯಾದೆಯನ್ನು?

ಇತಿಹಾಸ ಕೂಡ ಈ ಭಯಕ್ಕೆ ಸಾಕ್ಷಿ ಹೇಳುವುದಿಲ್ಲ. ಹಾಸನದ ಬಾನು ಮುಷ್ತಾಕ್ ಅವರು ಮಹಿಳೆಯರಿಗೆ ಮಸೀದಿ ಪ್ರವೇಶದ ಹಕ್ಕಿನ ಬಗ್ಗೆ ಮಾತನಾಡಿದ್ದಕ್ಕಾಗಿ 2000ದಲ್ಲಿ ಅವರ ಕುಟುಂಬ ಸಾಮಾಜಿಕ ಬಹಿಷ್ಕಾರ ಎದುರಿಸಬೇಕಾಯಿತು. 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಅನುವಾದಿಸಿದ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಅಭಿನಂದನೆಯ ಸುರಿಮಳೆಯಾಯಿತು. ಸಾರಾ ಅಬೂಬಕ್ಕರ್ ಅವರು 2023ರ ಜನವರಿಯಲ್ಲಿ ತೀರಿಕೊಂಡಾಗ ಅವರು ನಮ್ಮವರು ಎಂದು ನಾವು ಹೆಮ್ಮೆಯಿಂದಲೇ ಬರೆದೆವು, ಹೇಳಿಕೊಂಡೆವು. ಪ್ರಶಸ್ತಿ ಬಂದ ಮೇಲೆ, ತೀರಿಕೊಂಡ ಮೇಲೆ ಒಬ್ಬರನ್ನು ನಮ್ಮವರೆನ್ನುವುದಕ್ಕೆ ಧೈರ್ಯ ಬೇಕಿಲ್ಲ. ಇನ್ನೂ ಹೆಸರಾಗದ, ನೋಂದಣಿಯ ಮೇಜಿನಲ್ಲಿ ಕುಳಿತಿರುವವಳನ್ನು ನಮ್ಮವಳು ಎನ್ನಲು ಧೈರ್ಯ ಬೇಕು.

ಹಾಗೆಂದು ಬಂದ ಕಥೆಗಳನ್ನೆಲ್ಲ ಓದಿಸಬೇಕೇ? ಇಲ್ಲ. ಹದಿನಾಲ್ಕರಲ್ಲಿ ಐದನ್ನು ಆರಿಸುವುದೆಂದರೆ ಒಂಬತ್ತನ್ನು ಬಿಡುವುದು. ಆಯ್ಕೆ ಇಲ್ಲದೆ ಸಮ್ಮೇಳನವಿಲ್ಲ. ಉರ್ದು ಮುಶಾಯಿರಾದಲ್ಲಿ ಕಿರಿಯರು ಮೊದಲು, ಹಿರಿಯರು ಕೊನೆಗೆ ಎಂಬ ಕ್ರಮವಿದೆ. ಅಲ್ಲಿಯೂ ಯಾರು ಯಾರಿಗಿಂತ ಮೊದಲು ಎಂಬ ಮುನಿಸು ಇದ್ದದ್ದೇ. ಆದರೆ ಕ್ರಮ ಎಲ್ಲರಿಗೂ ಗೊತ್ತಿರುತ್ತದೆ, ತನ್ನನ್ನು ಮೊದಲು ಕರೆದದ್ದು ಏಕೆ ಎಂದು ಕಿರಿಯ ಕವಿಗೂ ಗೊತ್ತಿರುತ್ತದೆ. ಆಯ್ಕೆಗೂ ಅನ್ಯಾಯಕ್ಕೂ ಇರುವ ವ್ಯತ್ಯಾಸ ಇಲ್ಲಿದೆ ಎಂದು ನಮಗನಿಸುತ್ತದೆ. ‘ಕಥೆ ಇನ್ನೂ ಹದವಾಗಿಲ್ಲ’ ಎಂದು ಬಿಟ್ಟಿದ್ದರೆ ಅದು ಆಯ್ಕೆ. ಅವಳು ವಾದಿಸಬಹುದಿತ್ತು, ತಿದ್ದಬಹುದಿತ್ತು, ನಮಗೆ ಕಥೆಯ ರುಚಿ ಗೊತ್ತಿಲ್ಲ ಎಂದು ಬೈದುಕೊಳ್ಳಬಹುದಿತ್ತು. ನಾವು ಕೊಟ್ಟ ಕಾರಣ ಸುಳ್ಳು. ಸುಳ್ಳು ಕಾರಣದ ಜೊತೆ ಯಾರೂ ವಾದಿಸಲಾರರು.

ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಪ್ರಕಟಿಸಿದ, ಶಾಶ್ವತ ಶಾಂತಿಯ ಕುರಿತ ಪುಸ್ತಿಕೆಯಲ್ಲಿ ಒಂದು ಅಳತೆಗೋಲು ಕೊಟ್ಟಿದ್ದಾನೆ. ಇನ್ನೊಬ್ಬರ ಹಕ್ಕನ್ನು ಮುಟ್ಟುವ ಯಾವುದೇ ಕೆಲಸದ ಹಿಂದಿನ ನಿಯಮವನ್ನು ಬಹಿರಂಗವಾಗಿ ಹೇಳಲು ಸಾಧ್ಯವಿಲ್ಲವಾದರೆ ಆ ಕೆಲಸ ನ್ಯಾಯವಲ್ಲ ಎಂಬುದು ಅದರ ಸಾರ. ಅವನು ಹೇಳಿದ್ದು ಸಾರ್ವಜನಿಕ ಕಾನೂನಿನ ಬಗ್ಗೆ. ಆದರೆ ದರ್ಬೆಯ ಸಭಾಭವನಕ್ಕೂ ಆ ಗೋಲು ಸಾಕು. ‘ಊಟ ಕೊಡುವವರಿಗೆ ಬೇಸರವಾಗುವ ಕಥೆಯನ್ನು ನಾವು ಓದಿಸುವುದಿಲ್ಲ’ ಎಂದು ಆಮಂತ್ರಣ ಪತ್ರಿಕೆಯ ಕೆಳಗೆ ನಾವು ಅಚ್ಚು ಹಾಕಿಸುತ್ತಿದ್ದೆವೇ? ಹಾಕಿಸಲು ನಾಚಿಕೆಯಾಗುತ್ತದೆ ಎಂದಾದರೆ ಮಾಡಲೂ ಆಗಬೇಕಿತ್ತು.

ಸಂಜೆ ಸಮಾರೋಪ ಮುಗಿಯಿತು. ಕುರ್ಚಿ ಒಟ್ಟುವ ಹೊತ್ತಿನಲ್ಲಿ ಒಬ್ಬರು, “ಎಲ್ಲ ಚೆನ್ನಾಗಿ ಆಯಿತು, ಒಂದು ಗಲಾಟೆ ಇಲ್ಲ” ಎಂದರು. ಎಲ್ಲರೂ ಹೌದೆಂದೆವು. ಈ ಬರಹದ ಉದ್ದಕ್ಕೂ ‘ನಾವು’ ಎಂದು ಬರೆಯುತ್ತ ಬಂದಿದ್ದೇವೆ. ಆ ಪದದೊಳಗೆ ಅಡಗಿಕೊಳ್ಳುವುದು ಎಷ್ಟು ಸುಲಭ ಎಂದು ಬರೆಯುವಾಗಲೇ ಗೊತ್ತಾಗುತ್ತಿದೆ. ಸಮಿತಿ ತೀರ್ಮಾನಿಸಿತು ಎನ್ನಬಹುದು, ಫೋನ್ ಮಾಡಿದವರು ಹೇಳಿದರು ಎನ್ನಬಹುದು. ಹಾಜಿಯವರು ಮಾತ್ರ ಯಾರಿಗೂ ಏನನ್ನೂ ಹೇಳಿರಲಿಲ್ಲ. ಅವರಿಗೆ ಬೇಸರವಾಗಬಹುದು ಎಂದು ನಾವೇ ಊಹಿಸಿದ್ದು. ಆ ಕಥೆ ಕೇಳಿ ಅವರ ಮನಸ್ಸು ಕರಗುವ ಒಂದು ಅವಕಾಶವೂ ಇತ್ತಲ್ಲ? ಅದನ್ನೂ ನಾವೇ ಕಸಿದುಕೊಂಡೆವು. ಗೋಷ್ಠಿಯನ್ನು ಅಮಾನತ್ತಾಗಿ ನಮ್ಮ ಕೈಗೆ ಕೊಟ್ಟಿದ್ದರು. ಗೆರೆ ಎಳೆದ ಪೆನ್ನು ನಮ್ಮ ಜೇಬಿನದ್ದು.

ಮುಂದಿನ ಸಭೆಯಲ್ಲಿ ನಾವು ಒಂದು ಸಲಹೆ ಇಟ್ಟೆವು. ಕರೆದವರ ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆಯುತ್ತೇವೆ. ಬಿಟ್ಟವರ ಹೆಸರನ್ನೂ ಬಿಟ್ಟ ಕಾರಣವನ್ನೂ ಬರೆಯೋಣ, ಕೇಳಿದವರಿಗೆ ಅದನ್ನು ತೋರಿಸೋಣ. ಬರೆಯಲಾಗದ ಕಾರಣಕ್ಕಾಗಿ ಯಾರನ್ನೂ ಬಿಡುವುದು ಬೇಡ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ನಂತರ ಹಿರಿಯರೊಬ್ಬರು, “ಹಾಗೆ ಬರೆಯಲು ಹೊರಟರೆ ಪುಸ್ತಕ ಸಾಲದು ಮಾಷ್ಟ್ರೇ” ಎಂದರು. ಎಲ್ಲರೂ ನಕ್ಕರು. ಸಲಹೆಯನ್ನು ಮುಂದಿನ ಸಭೆಗೆ ಇಡಲಾಗಿದೆ. ಆದರೂ ಆ ದಿನದ ಪುಟದ ಕೊನೆಯಲ್ಲಿ, ಒಂದು ಕಥೆಯನ್ನು ಸುಳ್ಳು ಕಾರಣ ಕೊಟ್ಟು ಬಿಟ್ಟದ್ದು ನಮ್ಮಿಂದಾದ ತಪ್ಪು ಎಂದು ನಾವು ಬರೆದು ಸಹಿ ಹಾಕಿದ್ದೇವೆ.

ಆ ಹುಡುಗಿಯನ್ನೂ ಕಂಡು ಮಾತನಾಡಿದೆವು. ನಿಜವಾದ ಕಾರಣ ಹೇಳಿ ಕ್ಷಮೆ ಕೇಳಿದೆವು. ಅವಳು ಸಿಟ್ಟು ಮಾಡಲಿಲ್ಲ. “ಇರಲಿ ಸರ್, ಆಗಲೇ ಗೊತ್ತಾಗಿತ್ತು. ಕಥೆಯನ್ನು ಸ್ವಲ್ಪ ಬದಲಾಯಿಸಿದ್ದೇನೆ, ನೋಡ್ತೀರಾ?” ಎಂದು ಕೊಟ್ಟಳು. ಓದಿದೆವು. ತೋಟ ಈಗ ಬೇರೆ ಯಾವುದೋ ಜಿಲ್ಲೆಯಲ್ಲಿತ್ತು. ಗಂಡಿನ ಕಡೆಯವರು ಊರು ಹೆಸರಿಲ್ಲದವರಾಗಿದ್ದರು. ಅಡುಗೆ ಮನೆಯ ಕಿಟಕಿ ಇತ್ತು, ಅದರ ಬಳಿ ನಿಂತ ಹುಡುಗಿ ಇದ್ದಳು, ಆದರೆ ಅವಳು ಲೆಕ್ಕ ಹಾಕುತ್ತಿರಲಿಲ್ಲ. ನಾವು ಎಳೆದದ್ದು ಒಂದೇ ಗೆರೆ. ಉಳಿದ ಗೆರೆಗಳನ್ನು ಅವಳೇ ಎಳೆದುಕೊಂಡಿದ್ದಳು.

“ಹಳೆಯದು ಉಂಟಾ?” ಎಂದು ಕೇಳಿದೆವು.

“ಉಂಟು ಸರ್.”

“ಅದನ್ನೇ ಇಟ್ಟುಕೋ ಅಮ್ಮ” ಎಂದೆವು. ಹಾಗೆ ಹೇಳುವ ಅಧಿಕಾರ ನಮಗಿದೆಯೇ ಎಂಬ ಅಳುಕು ಇತ್ತು. ಅವಳು ನಮ್ಮ ಮುಖವನ್ನೇ ಒಮ್ಮೆ ನೋಡಿದಳು, ನಂಬಬೇಕೋ ಬೇಡವೋ ಎನ್ನುವ ಹಾಗೆ.